ಹೆಂಡತಿಯ ವರದಿ ಗಂಡನ ವರದಿಯಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಥವಾ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದನ್ನು ಗರ್ಭಿಣಿಯರ ತಪಾಸಣೆಯ ದಿನ ನೆನಪಿಸಿಕೊಳ್ಳಿ. ಒಳಗಿನ ಬೆಂಚುಗಳ ಮೇಲೆ ತಾಯಿ ಕಾರ್ಡ್ ಹಿಡಿದ ಹೆಣ್ಣುಮಕ್ಕಳು. ಹಿಮೋಗ್ಲೋಬಿನ್, ರಕ್ತದ ಗುಂಪು, ಸಿಫಿಲಿಸ್ ಪರೀಕ್ಷೆಗಳ ಜೊತೆಗೆ ಅವರಿಗೆ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಕರೆತಂದ ಗಂಡ ಹೊರಗೆ ಬೈಕಿನ ಬಳಿ ನಿಂತಿರುತ್ತಾನೆ. ಅವನನ್ನು ಒಳಗೆ ಕರೆಯುವ ಕಾರಣವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲ.

ಗರ್ಭಿಣಿಯರ ಪರೀಕ್ಷೆ ತಪ್ಪೆಂದು ಯಾರೂ ಹೇಳಲಾರರು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45, ಸಕಾಲದ ಚಿಕಿತ್ಸೆಯಿಂದ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. 2009–11ರ ಅವಧಿಯಲ್ಲಿ ಮೈಸೂರಿನ ಗ್ರಾಮೀಣ ಭಾಗದಲ್ಲಿ ಸಂಚಾರಿ ಚಿಕಿತ್ಸಾಲಯಗಳು ಹಳ್ಳಿಯ ಬಾಗಿಲಿಗೇ ಈ ಸೇವೆಯನ್ನು ಒಯ್ದಿದ್ದವು. ಆದರೆ ಹೆಂಗಸಿಗೆ ಪರೀಕ್ಷೆಯ ಬಾಗಿಲು ಬಸಿರು. ಗಂಡಸಿಗೆ ಬಾಗಿಲು ಕಾಯಿಲೆ. ಕ್ಷಯರೋಗ ಪತ್ತೆಯಾದಾಗ ಅವನ ಎಚ್‌ಐವಿ ಪರೀಕ್ಷೆ ನಡೆಯುತ್ತದೆ. ಅಷ್ಟರಲ್ಲಿ ರೋಗನಿರೋಧಕ ಶಕ್ತಿ ಕುಸಿದಿರಬಹುದು. 2023ರ ರಾಷ್ಟ್ರೀಯ ಅಂದಾಜಿನಂತೆ ದೇಶದ ಸುಮಾರು 25 ಲಕ್ಷ ಸೋಂಕಿತರಲ್ಲಿ ಮಹಿಳೆಯರು ಶೇ. 44. ಉಳಿದ ಅರ್ಧಕ್ಕೂ ಹೆಚ್ಚಿನವರಿಗೆ ಬಾಗಿಲು ತಡವಾಗಿ ತೆರೆಯುತ್ತಿದೆ.

ಈ ಕೊರತೆಯನ್ನು ಮರೆಮಾಚುವ ಒಂದು ನಂಬಿಕೆ ಇದೆ: ‘ಹೆಂಡತಿಗೆ ಇಲ್ಲವೆಂದರೆ ನನಗೂ ಇಲ್ಲ.’ ಇದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಚಿಕಿತ್ಸೆ ಪಡೆಯದ ಪುರುಷನಿಂದ ಸ್ತ್ರೀಗೆ ಒಂದು ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವ ಸರಾಸರಿ ಸಂಭವ 10,000ಕ್ಕೆ ಸುಮಾರು 8. ನೂರು ಸಂಪರ್ಕಗಳ ನಂತರವೂ ಸೋಂಕು ತಗಲದಿರುವ ಸಂಭವ 0.9992ರ ನೂರನೆಯ ಘಾತ, ಅಂದರೆ ಸುಮಾರು 0.92. ಇಂಥ ನೂರು ದಂಪತಿಗಳಲ್ಲಿ ಸುಮಾರು 92 ಹೆಂಡತಿಯರ ವರದಿ ‘ನೆಗೆಟಿವ್’ ಎಂದೇ ಬರಬಹುದು. ಇದು ಸರಾಸರಿ ಮಾತ್ರ. ಹೊಸ ಸೋಂಕಿನಲ್ಲಿ, ಇತರ ಲೈಂಗಿಕ ರೋಗಗಳಿದ್ದಾಗ ಅಪಾಯ ಏರುತ್ತದೆ. ಅಂದರೆ ಹೆಂಡತಿಯ ನೆಗೆಟಿವ್ ವರದಿ ಗಂಡನಿಗೆ ಸಮಾಧಾನವಲ್ಲ. ಅವಳನ್ನು ಕಾಪಾಡಲು ಇನ್ನೂ ಸಮಯವಿದೆ ಎಂಬ ಸೂಚನೆ.

ಗಂಡಸರಿಗೆ ಜವಾಬ್ದಾರಿ ಇಲ್ಲವೆಂದು ಬೈದರೆ ಕೆಲಸ ಮುಗಿಯಿತೇ? ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕಾಲ ಬಂದರೆ ಬ್ಯಾರನ್ನಿನ ಬೆಂಕಿ ಹಗಲೂ ರಾತ್ರಿ ಉರಿಯಬೇಕು. ಎಚ್.ಡಿ. ಕೋಟೆಯ ಹಾಡಿಗಳಿಂದ ಕೂಲಿಯವರು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಕೆ.ಆರ್. ನಗರದ ಗದ್ದೆಗಳಲ್ಲಿ ನಾಲೆಗೆ ನೀರು ಬಿಟ್ಟಾಗ ನಾಟಿ ಕಾಯುವುದಿಲ್ಲ. ಆಸ್ಪತ್ರೆ ತೆರೆದಿರುವ ಹೊತ್ತೂ ಕೂಲಿ ಸಿಗುವ ಹೊತ್ತೂ ಒಂದೇ. ಇದರ ಮೇಲೆ ಸಂಕೋಚ ಬೇರೆ: ಆಪ್ತಸಮಾಲೋಚಕರ ಕೋಣೆಗೆ ಹೊಕ್ಕವನನ್ನು ಊರಿನವರು ಕಂಡರೆ ಸಂಜೆಯೊಳಗೆ ಸುದ್ದಿ.

ಸಾಮಾನ್ಯವಾಗಿ ಸೂಚಿಸುವ ಎರಡು ಪರಿಹಾರಗಳೂ ಅರೆಬರೆ. ಒಂದು, ಹೆಂಡತಿಯ ಕೈಯಲ್ಲಿ ಚೀಟಿ ಕಳಿಸಿ ಗಂಡನನ್ನು ಕರೆಸುವುದು. ಆ ಚೀಟಿ ಅವಳ ಮೇಲೆಯೇ ಅನುಮಾನ ತರಬಹುದು. ಇನ್ನೊಂದು, ಡಿಸೆಂಬರ್ 1ರ ಶಿಬಿರ. ‘ಏಡ್ಸ್’ ಎಂದು ಬರೆದ ಶಾಮಿಯಾನಕ್ಕೆ ಅಳುಕುವವನು ಬರುವುದಿಲ್ಲ. ಬಂದವರ ಸಂಖ್ಯೆ ವರದಿಗೆ ಸೇರುತ್ತದೆ. ಕೀನ್ಯಾದಲ್ಲಿ ಗರ್ಭಿಣಿಯರ ಹಾಗೂ ಬಾಣಂತಿಯರ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷಾ ಕಿಟ್ ಕಳಿಸಿದಾಗ ಶೇ. 91ರಷ್ಟು ಸಂಗಾತಿಗಳು ಪರೀಕ್ಷೆಗೊಳಗಾದರು. ಆಮಂತ್ರಣ ಪತ್ರ ಮಾತ್ರ ಪಡೆದ ಗುಂಪಿನಲ್ಲಿ ಶೇ. 52. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠ ಸರಳ: ಗೋಪ್ಯತೆ ಮತ್ತು ಬಿಡುವು ಸಿಕ್ಕರೆ ಗಂಡಸರು ಹಿಂಜರಿಯುವುದು ಕಡಿಮೆ.

ನಮ್ಮಲ್ಲಿ ವಾರಕ್ಕೊಂದು ಸಂಜೆ ಗಂಡಸರ ಆರೋಗ್ಯ ತಪಾಸಣೆ ಇಡಬಹುದು. ತಂಬಾಕು ಹರಾಜು ಕಟ್ಟೆಗೆ, ಸಂತೆಗೆ ತಂಡ ಹೋಗಬಹುದು. ರಕ್ತದೊತ್ತಡ, ಸಕ್ಕರೆ, ಕೆಮ್ಮು, ಎಚ್‌ಐವಿ – ಎಲ್ಲವನ್ನೂ ಒಂದೇ ಮೇಜಿನಲ್ಲಿ ನೋಡಿದರೆ ಯಾರು ಯಾವುದಕ್ಕೆ ಬಂದರೆಂದು ತಿಳಿಯದು. ಬೆರಳ ತುದಿಯ ರಕ್ತದ ಪರೀಕ್ಷೆ ಮೊದಲ ಜರಡಿ ಮಾತ್ರ. ಮೂರು ಬೇರೆ ಬೇರೆ ಕಿಟ್‌ಗಳು ಒಂದೇ ಉತ್ತರ ಕೊಟ್ಟಾಗ ಸೋಂಕು ಖಚಿತ. ಇತ್ತೀಚೆಗೆ ತಗಲಿದ ಸೋಂಕು ಕೆಲವು ವಾರ ಪರೀಕ್ಷೆಗೆ ಸಿಗದು. ಆಗ ಮರುಪರೀಕ್ಷೆ ಬೇಕು. ವ್ಯಕ್ತಿಯ ಒಪ್ಪಿಗೆ ಮತ್ತು ಗೋಪ್ಯತೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಾನೂನಿನ ಕಟ್ಟಳೆ. ಬಲವಂತಕ್ಕೆ ಇಲ್ಲಿ ಎಡೆಯಿಲ್ಲ.

ಯಶಸ್ಸನ್ನು ಅಳೆಯುವ ಕೋಲೂ ಬದಲಾಗಬೇಕು. ಎಷ್ಟು ಪರೀಕ್ಷೆಗಳಾದವು ಎಂಬುದಕ್ಕಿಂತ, ನೋಂದಾಯಿತ ಗರ್ಭಿಣಿಯರಲ್ಲಿ ಎಷ್ಟು ಮಂದಿಯ ಗಂಡಂದಿರು ಪರೀಕ್ಷೆಗೆ ಬಂದರು, ಸೋಂಕಿತರಲ್ಲಿ ಎಷ್ಟು ಮಂದಿ ಚಿಕಿತ್ಸೆ ಮುಂದುವರಿಸಿದರು ಎಂಬುದು ಮುಖ್ಯ. ಉಚಿತ ಚಿಕಿತ್ಸೆ ದೇಶದಲ್ಲಿ 2004ರಿಂದ ಇದೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಅದು ಲಭ್ಯ. ಕ್ರಮವಾಗಿ ಔಷಧಿ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವನಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ.

ಅಧ್ಯಾಪಕ ಮಿತ್ರರೇ, ಸಂಭವನೀಯತೆಯ ಪಾಠದ ದಿನ 0.9992ರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿ ನೋಡಿ. ನಾಳೆ ಬೈಕಿನ ಬಳಿ ನಿಲ್ಲುವ ಹುಡುಗರು ಇಂದು ನಿಮ್ಮ ತರಗತಿಯಲ್ಲಿದ್ದಾರೆ.