ಹಳದಿಗೆ ಸೇರುವ ನೀಲಿ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೆಂಪು, ಹಳದಿ, ನೀಲಿ ಎಂಬ ಮೂಲವರ್ಣಗಳನ್ನು, ಅಂದರೆ ಬೇರೆ ಬಣ್ಣಗಳ ಬೆರಕೆಯಿಂದ ದೊರೆಯವೆಂದು ಚಿತ್ರಕಲಾ ಬೋಧನೆಯಲ್ಲಿ ಪರಿಗಣಿಸುವ ಬಣ್ಣಗಳನ್ನು ಮಾತ್ರ ಕೊಟ್ಟು, ಉಳಿದವನ್ನು ಅವರೇ ಕಂಡುಕೊಳ್ಳಲು ಬಿಡುವ ಕ್ರಮ ಅತ್ಯಂತ ಶ್ಲಾಘನೀಯವಾದುದು. ತಟ್ಟೆಯಲ್ಲಿನ ಹಳದಿಗೆ ಕುಂಚದ ತುದಿಯಿಂದ ನೀಲಿಯನ್ನು ತುಸುತುಸುವೇ ಸೇರಿಸಿದಾಗ ಮೊದಲು ಚಿಗುರಿನ ಎಳೆಹಸಿರು ಮೂಡಿ, ಕ್ರಮೇಣ ಬಲಿತ ಮಾವಿನೆಲೆಯ ಬಣ್ಣಕ್ಕೆ ತಿರುಗುತ್ತದೆ; ನೀಲಿಯ ಗಾಢತೆ ಹಳದಿಯನ್ನು ಬೇಗನೆ ನುಂಗಿಬಿಡುವುದರಿಂದ ಈ ಅನುಕ್ರಮವನ್ನು ಹಿಂದುಮುಂದು ಮಾಡಿದರೆ ಬಣ್ಣ ವೃಥಾ ಖರ್ಚಾಗುತ್ತದೆ. ಮೂರೂ ಸೇರಿ ಆಗುವ ಮಣ್ಣುಬಣ್ಣವೂ ತಪ್ಪಲ್ಲ, ಮರದ ಕಾಂಡಕ್ಕೆ ಬೇಕಾದದ್ದು ಅದೇ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1919ರಿಂದ ಬೋಧಿಸಿ, 12 ಭಾಗಗಳ ವರ್ಣಚಕ್ರವನ್ನು ರೂಪಿಸಿದ ಯೋಹಾನೆಸ್ ಇಟ್ಟೆನ್ ಮೊದಲಿಗೆ ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದರೆಂಬುದು ಇಲ್ಲಿ ಗಮನಾರ್ಹ. ಶಿಕ್ಷಕರು ಸಿದ್ಧ ಹಸಿರಿನ ಡಬ್ಬಿಯನ್ನು ಕೊಡುವ ಮುನ್ನ ಮಕ್ಕಳಿಗೆ ಬೆರೆಸಿ ನೋಡಲು ಒಂದು ಹಾಳೆಯನ್ನಾದರೂ ಬಿಟ್ಟುಕೊಡಬೇಕು.