ಹಬ್ಬಕ್ಕೊಂದು ಮನೆಯ ಹೆಸರು

ಮಾರ್ಗಶಿರದ ಹುಣ್ಣಿಮೆಗೆ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭೀಮಾ-ಅಮರ್ಜಾ ಸಂಗಮದಿಂದ ದತ್ತನ ಗುಡಿಯವರೆಗೆ ಜನವೋ ಜನ. ಬ್ಯಾನರುಗಳಲ್ಲಿ 'ದತ್ತ ಜಯಂತಿ' ಎಂದಿರುತ್ತದೆ. ಸುತ್ತಲಿನ ಹಳ್ಳಿಗಳಿಂದ ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಬರುವ ತಾಯಂದಿರನ್ನು ಕೇಳಿದರೆ ಮಾತ್ರ 'ಹೊಸ್ತಿಲ ಹುಣ್ಣಿಮಿಗಿ ಬಂದೀವ್ರಿ' ಎನ್ನುತ್ತಾರೆ. ಮೊದಲನೆಯದು ಪಂಚಾಂಗದ ಹೆಸರು, ಎರಡನೆಯದು ಮನೆಯ ಹೆಸರು. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಭಾರತ ಹುಣ್ಣಿಮೆ: ಈ ಸೀಮೆಯ ಮಗುವಿಗೆ ವರ್ಷವೆಂದರೆ ಇಷ್ಟೇ. ಇದರಲ್ಲಿ ದೇವರ ಹೆಸರಿಗಿಂತ ಹೊಲ, ಎತ್ತು, ಎಳ್ಳು, ಹೊಸ್ತಿಲುಗಳ ಹೆಸರೇ ಹೆಚ್ಚು.

ಈ ಮಾತು ನೆನಪಾದದ್ದು ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಬರೆದ ಬೆನೆ ಇಸ್ರೇಲಿಗಳ ಚರಿತ್ರೆಯನ್ನು ಓದುವಾಗ. ಕೊಂಕಣದ ಕರಾವಳಿಯ ಈ ಯಹೂದಿಗಳು ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಕೆಹಿಮ್ಕರ್ 1897ರಲ್ಲಿ ಬರೆದು ಮುಗಿಸಿದ ಪುಸ್ತಕ ಅಚ್ಚಾದದ್ದು 1937ರಲ್ಲಿ. ಅದರಲ್ಲಿರುವ ಹಬ್ಬಗಳ ಪಟ್ಟಿಯೇ ಒಂದು ಕಾವ್ಯದಂತಿದೆ. ಹೀಬ್ರೂವಿನ ಹೊಸವರ್ಷಕ್ಕೆ ಇವರು ಇಟ್ಟ ಹೆಸರು 'ನವ್ಯಾಚಾ ಸಣ', ಅಂದರೆ ಹೊಸತರ ಹಬ್ಬ. ಅದರ ಬೆನ್ನಿಗೇ ಖೀರಿನ ಹಬ್ಬ. ಪ್ರಾಯಶ್ಚಿತ್ತದ ಮಹಾ ಉಪವಾಸ ಇವರ ಬಾಯಲ್ಲಿ 'ದಾರ್ ಫಾಳ್ಣಿಚಾ ಸಣ', ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿ ಬಟ್ಟೆ ಉಟ್ಟು, ಕದ ಹಾಕಿಕೊಂಡು, ಹೊರಗಿನವರನ್ನು ಸೋಕದೆ ಮನೆಯೊಳಗೇ ಇರುತ್ತಿದ್ದರು. ಮರುದಿನ 'ಶಿಳಾ ಸಣ', ತಂಗಳ ಹಬ್ಬ: ನಂಟರ ಮನೆಗೆ ಹೋಗುವುದು, ಬಡವರಿಗೆ ಕೊಡುವುದು. ಹೈದರಾಬಾದ್ ಕರ್ನಾಟಕದ ನಮ್ಮ ಮನೆಗಳಲ್ಲಿ ಈದ್ ಮರುದಿನವನ್ನು 'ಬಾಸಿ ಈದ್' ಎನ್ನುವುದು, ಹಿಂದೂ ಮನೆಗಳಲ್ಲಿ 'ಕರಿ' ಎನ್ನುವುದು ನೆನಪಾಗದೇ ಇರದು.

ಪೆಸಾಕ್ ಇವರಿಗೆ ಹುಳಿರಸದ ಗಡಿಗೆಯ ಬಾಯಿ ಮುಚ್ಚುವ ಹಬ್ಬ. ಜೆರುಸಲೇಮಿನ ದೇವಾಲಯ ಬಿದ್ದ ಶೋಕದ ದಿನ ಮೊಳಕೆಕಾಳಿನ ಪಲ್ಯದ ಹೆಸರಲ್ಲಿ 'ಬಿರಡ್ಯಾಚಾ ಸಣ'. ಎರಡು ಸಾವಿರ ವರ್ಷ ಹಿಂದಿನ ದುಃಖವನ್ನು ಐದು ವರ್ಷದ ಮಗುವಿಗೆ ಹೇಗೆ ತಲುಪಿಸುವುದು? ತಾಯಂದಿರು ಕಾಳು ನೆನೆಹಾಕಿದರು. ಆ ದುಃಖ ಮಗುವಿನ ನಾಲಗೆಗೆ ಬಂತು.

ಇನ್ನೂ ಬೆರಗಿನ ಸಂಗತಿಯಿದೆ. ಎಲುಲ್ ತಿಂಗಳಿಡೀ ಇವರಲ್ಲಿ ಅನೇಕರು ಉಪವಾಸ ಮಾಡುತ್ತಿದ್ದರು, ಅದನ್ನು 'ರಂಜಾನ್' ಎಂದೇ ಕರೆಯುತ್ತಿದ್ದರು. ಉಪವಾಸಗಳಿಗೆ 'ರೋಜಾ' ಎನ್ನುತ್ತಿದ್ದರು. ಪ್ರವಾದಿ ಇಲ್ಯಾಸರ, ಅಂದರೆ ಅವರ ಎಲಿಯಾಹು ಹನ್ನಾಬಿಯ, ದಿನವನ್ನು 'ಉರುಸ್' ಎಂದರು. ಆ ಪ್ರವಾದಿಯ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ, ತೆಂಗಿನತುರಿ, ಹಣ್ಣು ಸೇರಿಸಿ ಮಾಡುವುದು 'ಮಲಿದಾ'. ಇದೇ ಹೆಸರು ನಮ್ಮ ದರ್ಗಾಗಳಲ್ಲಿದೆ. ಮೊಹರಮ್ಮಿನಲ್ಲಿ ಚೊಂಗೆಯ ಜೊತೆ ಮನೆಮನೆಯಲ್ಲಿ ಮಾಡುವ ಗೋಧಿ-ಬೆಲ್ಲದ ಮಾದಲಿಯೂ ದೂರದ್ದಲ್ಲ. ಯಾರು ಯಾರಿಂದ ಪಡೆದರು ಎಂಬ ಜಗಳ ನಮಗೆ ಬೇಡ. ನೆರೆಹೊರೆಯಲ್ಲಿ ಬದುಕಿದವರು ಉಪ್ಪು, ಬೆಂಕಿಯ ಹಾಗೆ ಪದಗಳನ್ನೂ ಕೈಗಡ ಪಡೆದಿದ್ದಾರೆ.

ನಮ್ಮ ದಖನಿ ಮನೆಗಳೂ ಇದನ್ನೇ ಮಾಡಿದ್ದವು. ಹತ್ತೊಂಬತ್ತನೇ ಶತಮಾನದ 'ಕಾನೂನ್-ಎ-ಇಸ್ಲಾಂ' ಪುಸ್ತಕದಲ್ಲಿ ದಖನಿನ ಮುಸ್ಲಿಂ ಹೆಂಗಸರು ತಿಂಗಳುಗಳಿಗೆ ಇಟ್ಟ ಹೆಸರುಗಳಿವೆ: ಸಫರ್‌ಗೆ ತೇರಾ ತೇಜಿ, ರಬೀವುಲ್ ಅವ್ವಲ್‌ಗೆ ಬಾರಾ ವಫಾತ್, ಜುಲ್ಕಅದಾಕ್ಕೆ ಬಂದೇ ನವಾಜ್. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸ್ ಆ ತಿಂಗಳಲ್ಲಿ ಬರುವುದರಿಂದ ಇಡೀ ತಿಂಗಳೇ ಅವರದಾಯಿತು. ಅಂದರೆ ಅರಬ್ಬಿನ ಚಂದ್ರ ಕಲಬುರಗಿಯ ಗುಂಬಜಿನ ಮೇಲೆ ಹುಟ್ಟಿದ. ನಮ್ಮ ಚಂದ್ರನದು ಅಲೆಮಾರಿ ಸ್ವಭಾವ, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಾನೆ. 2030ರಲ್ಲಿ ರಮಝಾನ್ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಗೆ ಮತ್ತೊಮ್ಮೆ ಆರಂಭವಾಗಲಿದೆ. ಯಹೂದಿಗಳು ಹತ್ತೊಂಬತ್ತು ವರ್ಷಕ್ಕೆ ಏಳು ಹೆಚ್ಚಿನ ತಿಂಗಳು ಸೇರಿಸಿ ಹಬ್ಬವನ್ನು ಋತುವಿಗೆ ಕಟ್ಟಿಹಾಕುತ್ತಾರೆ. ಹಿಂದೂ ಪಂಚಾಂಗದ ಅಧಿಕ ಮಾಸದ ಕೆಲಸವೂ ಅದೇ. ಹೀಗಾಗಿ ಸುಗ್ಗಿ ಮುಗಿದ ಮೇಲೆ ಗುಡಿಸಲು ಕಟ್ಟಿ ಅದರಲ್ಲಿ ಉಣ್ಣುವ ಸುಕ್ಕೋತ್ ಹಬ್ಬವನ್ನು ಅರ್ಥ ಮಾಡಿಕೊಳ್ಳಲು ಜೇವರ್ಗಿ, ಅಫಜಲಪುರದ ಮಗುವಿಗೆ ಪುಸ್ತಕ ಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಜ್ಜಿ-ಸಜ್ಜೆರೊಟ್ಟಿ ತಿಂದಿದ್ದರೆ ಸಾಕು. ಆ ಊಟಕ್ಕೆ ನೆರೆಯ ಮುಸ್ಲಿಂ ಮನೆಯ ಮಕ್ಕಳಿಗೂ ಕರೆ ಇರುತ್ತದೆ.

ಇಷ್ಟೆಲ್ಲ ಇದ್ದೂ ಮಕ್ಕಳಿಗಾಗಿ ಬರುವ ಹಬ್ಬದ ಪುಸ್ತಕಗಳನ್ನು ತೆರೆದರೆ ಏನಿದೆ? ಹಬ್ಬದ ಹೆಸರು, ಬರುವ ತಿಂಗಳು, ಪೂಜಿಸುವ ದೇವರು, ಮಾಡುವ ತಿನಿಸು. ನಾಲ್ಕು ಖಾನೆಗಳ ಪಟ್ಟಿ. ಮುಸ್ಲಿಮರ ಪಾಲಿಗೆ ಒಂದು ಟೋಪಿ, ಒಂದು ಅಪ್ಪುಗೆ, ಒಂದು ಬಟ್ಟಲು ಸುರಕುಂಬಾ. ಯಹೂದಿಗೆ ಅದೂ ಇಲ್ಲ. ಇಂಥ ಪುಸ್ತಕ ಓದಿದ ಮಗು ಪರೀಕ್ಷೆಯಲ್ಲಿ ಉತ್ತರ ಬರೆಯಬಹುದು, ಪ್ರಶ್ನೆ ಕೇಳಲಾರದು.

ಯಹೂದಿ ಹಬ್ಬದ ತಿರುಳೇ ಮಗುವಿನ ಪ್ರಶ್ನೆ ಎಂಬುದನ್ನು ಇಲ್ಲಿ ಹೇಳಬೇಕು. ಪೆಸಾಕ್ ರಾತ್ರಿ ಮನೆಯ ಅತಿ ಕಿರಿಯ ಮಗು 'ಈ ರಾತ್ರಿ ಉಳಿದ ರಾತ್ರಿಗಳ ಹಾಗೇಕಿಲ್ಲ' ಎಂದು ಕೇಳಿದ ಮೇಲೆಯೇ ಫಿರೌನನಿಂದ ಬಿಡುಗಡೆಯಾದ ಕಥೆ ಶುರು. ಮಕ್ಕಳು ನಿದ್ದೆ ಹೋಗದಿರಲೆಂದು ರೊಟ್ಟಿಯ ಚೂರು ಬಚ್ಚಿಟ್ಟು ಹುಡುಕಿಸುತ್ತಾರೆ. ಪ್ರಶ್ನೆ ಕೇಳಲೂ ಬಾರದ ಕೂಸಿಗೆ ದೊಡ್ಡವರೇ ಬಾಯಿ ತೆರೆದು ಹೇಳಬೇಕೆಂದು ಆ ರಾತ್ರಿಯ ಪುಸ್ತಕ ಹಗ್ಗಾದಾ ವಿಧಿಸುತ್ತದೆ. ಅದು 1846ರಲ್ಲೇ ಮುಂಬಯಿಯಲ್ಲಿ ಮರಾಠಿ ಅನುವಾದದೊಂದಿಗೆ ಅಚ್ಚಾಯಿತು. 1874ರ ಪುಣೆಯ ಮುದ್ರಣದ ಚಿತ್ರಗಳಲ್ಲಿ ಆ ರೊಟ್ಟಿ ಲಟ್ಟಿಸುವ ಹೆಂಗಸರು ಸೀರೆ ಉಟ್ಟಿದ್ದಾರೆ.

ನಮ್ಮಲ್ಲಿ ಪ್ರಶ್ನೆಯ ಪರಂಪರೆ ಇಲ್ಲವೆ? ಗಾಣಗಾಪುರದ 'ಗುರುಚರಿತ್ರೆ'ಯನ್ನೇ ನೋಡಿ. ಕನ್ನಡ ಮನೆಮಾತಿನ ಸರಸ್ವತಿ ಗಂಗಾಧರರು ಮರಾಠಿಯಲ್ಲಿ ಬರೆದ ಈ ಗ್ರಂಥದುದ್ದಕ್ಕೂ ನಾಮಧಾರಕ ಕೇಳುತ್ತಾನೆ, ಸಿದ್ಧ ಹೇಳುತ್ತಾನೆ. ಬೀದರಿನ ಮುಸ್ಲಿಂ ದೊರೆ ಹುಣ್ಣಿನ ನೋವು ತಾಳಲಾರದೆ ನರಸಿಂಹ ಸರಸ್ವತಿಗಳನ್ನು ಹುಡುಕಿ ಬಂದ ಕಥೆಯೂ ಹಾಗೆ ಕೇಳಿದ್ದಕ್ಕೇ ಬಂದದ್ದು. ಈಗ ಸಪ್ತಾಹದಲ್ಲಿ ಅದನ್ನು ಏಳು ದಿನದಲ್ಲಿ ಓದಿ ಮುಗಿಸುವ ಅವಸರ. ಮಗು ನಡುವೆ ಬಾಯಿ ಹಾಕಿದರೆ ಸುಮ್ಮನಿರಿಸುತ್ತಾರೆ. ನಮ್ಮ ಮನೆಗಳೂ ಬೇರೆಯಲ್ಲ. ಅಲಾಯಿ ಕುಣಿಯ ಬೆಂಕಿ, ಹಸಿರು ಅಂಗಿ ತೊಟ್ಟು ಫಕೀರನಾದ ಗೆಳೆಯ, ರಿವಾಯತ್ ಪದ ಇವೆಲ್ಲವನ್ನೂ ಕಂಡ ಮಗು 'ಯಾಕೆ' ಎಂದರೆ ಒಬ್ಬರು 'ಮಾಡಬೇಕು' ಎನ್ನುತ್ತಾರೆ, ಇನ್ನೊಬ್ಬರು 'ಮಾಡಬಾರದು' ಎನ್ನುತ್ತಾರೆ. ಎರಡೂ ಉತ್ತರವಲ್ಲ. ಕರ್ಬಲಾದ ಕಥೆ ಅಷ್ಟಿಷ್ಟು ಸಿಗುತ್ತದೆ. ಆದರೆ ಮದೀನಾದ ಯಹೂದಿಗಳು ಮೂಸಾ ಅವರ ಬಿಡುಗಡೆಯ ಕೃತಜ್ಞತೆಗಾಗಿ ಆಶೂರಾ ಉಪವಾಸ ಹಿಡಿದದ್ದನ್ನು ಕಂಡು ಪ್ರವಾದಿಯವರು ತಾವೂ ಹಿಡಿದರು, ಹಿಡಿಯಲು ಹೇಳಿದರು ಎಂಬ ಬುಖಾರಿಯ ಹದೀಸನ್ನು ಎಷ್ಟು ತಾಯಂದಿರು ಮಕ್ಕಳಿಗೆ ಹೇಳಿದ್ದಾರೆ?

2023ರ ಅಕ್ಟೋಬರಿನ ನಂತರ ನಮ್ಮ ಮಕ್ಕಳ ಕಿವಿಗೆ 'ಯಹೂದಿ' ಎಂಬ ಪದ ಬಿದ್ದದ್ದು ಗಾಝಾದ ಬಾಂಬಿನ ಸದ್ದಿನ ಜೊತೆಗೇ. ಆ ಮಕ್ಕಳ ಸಾವಿನ ದುಃಖವನ್ನು ನಾವು ಕಡಿಮೆ ಮಾಡಿ ಹೇಳಲಾರೆವು. ಒಂದು ರಾಜ್ಯ ಮಾಡಿದ್ದಕ್ಕೆ ಆ ರಾಜ್ಯವನ್ನೇ ಕೇಳಬೇಕು. ಆದರೆ ಬಿರಡೆ ಪಲ್ಯ ಮಾಡಿ ಅತ್ತ ಕೊಂಕಣದ ಅಜ್ಜಿಯೂ ಯಹೂದಿಯೇ. ಅವಳ ಮಕ್ಕಳು 1948ರ ನಂತರ ಇಸ್ರೇಲಿಗೆ ಹೋದಾಗ ಅಲ್ಲಿನ ಧರ್ಮಗುರುಗಳು ಇವರ ಮದುವೆ-ವಿಚ್ಛೇದನದ ಪದ್ಧತಿಯನ್ನು ಅನುಮಾನಿಸಿದರು. ಇವರು ಬೀದಿಗಿಳಿದ ಮೇಲೆ, 1964ರಲ್ಲಿ, ಪೂರ್ಣ ಯಹೂದಿಗಳೆಂಬ ಮನ್ನಣೆ ಸಿಕ್ಕಿತು.

ಎಸ್ತರ್ ಡೇವಿಡ್ ಅವರ 2006ರ ಕಾದಂಬರಿ 'ಬುಕ್ ಆಫ್ ರೇಚಲ್' ಉಳಿದುಹೋದವರ ಕಥೆ. ಇದಕ್ಕೆ 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಮಕ್ಕಳೆಲ್ಲ ಇಸ್ರೇಲಿನಲ್ಲಿ, ವಿಧವೆ ರೇಚಲ್ ಆಲಿಬಾಗ್ ಬಳಿಯ ದಾಂಡಾದಲ್ಲಿ ಒಬ್ಬಳೇ, ಪಾಳುಬಿದ್ದ ಸಿನಗಾಗನ್ನು ಮಾರಾಟವಾಗದಂತೆ ಕಾಯುತ್ತಿದ್ದಾಳೆ. ಪ್ರತಿ ಅಧ್ಯಾಯ ಒಂದು ಅಡುಗೆಯಿಂದ ತೆರೆದುಕೊಳ್ಳುತ್ತದೆ. ಈ ತಂತ್ರ ಮೊದಲು ನಮ್ಮನ್ನು ಒಲಿಸಿಕೊಂಡಿತು, ನಡುವೆ ದಣಿಸಿತು. ಅಡುಗೆಯ ಅಳತೆ ಇಷ್ಟು ಕರಾರುವಾಕ್ಕಾಗಿ ಸಿಗುವುದು ಅದನ್ನು ಕೈಯಳತೆಯಲ್ಲಿ ಕಲಿಯಬೇಕಾದವರು ಮನೆಯಲ್ಲಿಲ್ಲದಾಗ. ಪದಾರ್ಥಗಳ ಪಟ್ಟಿ ಸ್ಮಾರಕಶಿಲೆಯಂತೆ ಓದಿಸಿಕೊಳ್ಳುತ್ತದೆ. ಲೇಖಕಿ ಇದನ್ನು ಬೇಕೆಂದೇ ಮಾಡಿದ್ದರೆ ಅದು ಕಾದಂಬರಿಯ ದೊಡ್ಡ ಗುಣ. ಕೆಲವು ಕಡೆ ಮಾತ್ರ ರುಚಿಯ ಮೋಹವೇ ಮುಂದಾಗಿ, ಕೇಳುವ ಮಗುವಿಲ್ಲದ ಮನೆಯ ಮೌನ ಹಿಂದೆ ಸರಿಯುತ್ತದೆ ಎಂಬುದು ನಮ್ಮ ತಕರಾರು.

ಕೆಹಿಮ್ಕರ್ ಪಟ್ಟಿಯ ಹೆಸರುಗಳು ಹೀಬ್ರೂ ಹೆಸರುಗಳಿಗೆ ಎಡೆ ಬಿಟ್ಟುಕೊಟ್ಟದ್ದು ಸುಧಾರಣೆಯ ದಾರಿಯಲ್ಲಿ. ಅದರಿಂದ ಲೋಕದ ಉಳಿದ ಯಹೂದಿಗಳೊಡನೆ ನಂಟು ಬಲವಾಯಿತು, ತಾಯಂದಿರ ಭಾಷೆ ಸಣ್ಣದಾಯಿತು. ನಾವೂ ಬಕ್ರೀದನ್ನು ಈದುಲ್ ಅಝ್‌ಹಾ ಎಂದು, ಖುದಾ ಹಾಫಿಝನ್ನು ಅಲ್ಲಾಹ್ ಹಾಫಿಝ್ ಎಂದು ತಿದ್ದಿಕೊಂಡಿದ್ದೇವೆ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳುಗಳ ಹೆಸರು ಈಗ ತಪ್ಪಿಲ್ಲದೆ ಅಚ್ಚಾಗಿವೆ. ಉರುಸಿಗೆ ಕಲಬುರಗಿಗೆ ಹೊರಟ ದಾದಿ ಇದು ಬಂದೇ ನವಾಜ್ ತಿಂಗಳು ಎನ್ನುತ್ತಾರೆ. ಈಗಷ್ಟೇ ಅಕ್ಷರ ಕೂಡಿಸಲು ಕಲಿತ ಮೊಮ್ಮಗಳು ಕ್ಯಾಲೆಂಡರಿನ ಹಾಳೆಯ ಮೇಲೆ ಬೆರಳಿಟ್ಟು ಆ ಹೆಸರನ್ನು ಹುಡುಕುತ್ತಾಳೆ. 'ಎಲ್ಲಿದೆ ದಾದಿ?' ಎಂದು ಕೇಳುತ್ತಾಳೆ.