‘ಬರುತ್ತಿತ್ತು’ ಮತ್ತು ‘ಬಂತು’: ಸ್ಪ್ಯಾನಿಷ್ ಭೂತಕಾಲವನ್ನು ಬೇತಮಂಗಲದಿಂದ ಓದುವುದು

ಶಾಲೆಯ ಕನ್ನಡ ವ್ಯಾಕರಣದಲ್ಲಿ ಕಾಲಗಳು ಮೂರು. ಸ್ಪ್ಯಾನಿಷ್ ಕಲಿಯಲು ಕುಳಿತರೆ ಭೂತಕಾಲವೊಂದೇ ಹಲವು ಬಗೆಯಾಗಿ ಎದುರಾಗುತ್ತದೆ. ಅವುಗಳಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವವು ಎರಡು. ನಡೆದು ಮುಗಿದದ್ದನ್ನು ಹೇಳುವುದು ಪ್ರೆತೆರಿತೊ. ನಡೆಯುತ್ತಿದ್ದುದನ್ನು, ರೂಢಿಯಾಗಿದ್ದುದನ್ನು, ಕಥೆಯ ಹಿನ್ನೆಲೆಯಾಗಿ ನಿಂತದ್ದನ್ನು ಹೇಳುವುದು ಇಂಪರ್ಫೆಕ್ತೊ. ‘ಬೀನೊ’ ಎಂದರೆ ಬಂದ. ‘ಬೆನೀಯಾ’ ಎಂದರೆ ಬರುತ್ತಿದ್ದ.

ಹೀಗೆ ಕನ್ನಡದಲ್ಲಿ ಹೇಳಿಕೊಂಡ ಕೂಡಲೇ ಅರ್ಧ ತೊಡಕು ಬಿಡುತ್ತದೆ. ಆದರೆ ನಾವು ಸ್ಪ್ಯಾನಿಷ್ ಕಲಿಯುವುದು ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕಗಳಿಂದ. ಹಾಗಾಗಿ ಇಂಗ್ಲಿಷಿನವರ ಕಷ್ಟವನ್ನೂ ಜೊತೆಗೇ ಕಲಿಯುತ್ತೇವೆ. ‘ವಾಟರ್ ಡಿಡ್ ನಾಟ್ ಕಮ್’ ಎಂಬ ವಾಕ್ಯವನ್ನೇ ನೋಡಿ. ಕನ್ನಡದಲ್ಲಿ ಅದು ‘ನೀರು ಬರಲಿಲ್ಲ’ವೋ, ‘ನೀರು ಬರುತ್ತಿರಲಿಲ್ಲ’ವೋ? ಮೊದಲನೆಯದು ಒಂದು ದಿನದ ಮಾತು, ಎರಡನೆಯದು ಒಂದು ಊರಿನ ಪಾಡು. ಸ್ಪ್ಯಾನಿಷ್ ಇವೆರಡನ್ನು ಕ್ರಿಯಾಪದದ ಕೊನೆಯಲ್ಲೇ ಬೇರೆ ಮಾಡುತ್ತದೆ, ಕನ್ನಡವೂ ಮಾಡುತ್ತದೆ. ನಡುವೆ ನಿಂತ ಇಂಗ್ಲಿಷ್ ಇದನ್ನು ಸಂದರ್ಭಕ್ಕೆ ಬಿಟ್ಟುಬಿಡುತ್ತದೆ.

ಬೇತಮಂಗಲದ ಕಡೆಯವರಿಗಂತೂ ಈ ವ್ಯತ್ಯಾಸ ಮೂರು ಭಾಷೆಗಳಲ್ಲಿ ಗೊತ್ತು. ಕನ್ನಡದವರು ‘ಬಂದ’, ‘ಬರ್ತಿದ್ದ’ ಎನ್ನುತ್ತಾರೆ. ತೆಲುಗಿನವರು ‘ವಚ್ಚಾಡು’, ‘ವಚ್ಚೇವಾಡು’ ಎನ್ನುತ್ತಾರೆ. ತಮಿಳಿನಲ್ಲಿ ‘ವಂದಾನ್’ ಒಂದು ಸಲದ ಮಾತಾದರೆ, ಹಿಂದಿನ ರೂಢಿಗೆ ‘ಅಪ್ಪೋ ವರುವಾನ್’ ಎಂದು ಭವಿಷ್ಯತ್ತಿನ ರೂಪವನ್ನೇ ಬಳಸುವುದುಂಟು. ತೆಲುಗಿನ ‘ವಚ್ಚೇವಾಡು’ ಮುಖ್ಯವಾಗಿ ರೂಢಿಗೆ ಸಲ್ಲುತ್ತದೆ. ಕನ್ನಡದ ‘ಬರುತ್ತಿದ್ದ’ ರೂಢಿಗೂ ಸರಿ, ಆ ಗಳಿಗೆಯಲ್ಲಿ ದಾರಿಯಲ್ಲಿದ್ದವನಿಗೂ ಸರಿ. ‘ಬೆನೀಯಾ’ದ ಹರವೂ ಹೆಚ್ಚುಕಡಿಮೆ ಇಷ್ಟೇ.

ಹೊಂದಿಕೆ ಪೂರ್ತಿಯಲ್ಲ. ‘ಇತ್ತು’ ಎಂಬಲ್ಲಿ ಕನ್ನಡ ಸೋಲುತ್ತದೆ. ‘ಊರು ಶ್ರೀಮಂತವಾಗಿತ್ತು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಎರಾ’ ಎಂದರೆ ಆ ಕಾಲದ ಒಳಗೆ ನಿಂತು ನೋಡಿದಂತೆ; ‘ಫುಏ’ ಎಂದರೆ ಆ ಕಾಲವನ್ನು ಮುಗಿದದ್ದೆಂದು ಹೊರಗೆ ನಿಂತು ನೋಡಿದಂತೆ. ನಮ್ಮ ‘ಇತ್ತು’ ಎರಡಕ್ಕೂ ಒಂದೇ. ಇಲ್ಲಿ ಅನುವಾದಕರು ‘ಒಂದು ಕಾಲಕ್ಕೆ’, ‘ಆಗಿನ್ನೂ’ ಎಂಬಂಥ ಮಾತುಗಳ ನೆರವು ಪಡೆಯಬೇಕು.

‘ತಿಳಿಯುವ’ ಕ್ರಿಯಾಪದದಲ್ಲಿ ಮಾತ್ರ ಕನ್ನಡ ಗೆಲ್ಲುತ್ತದೆ. ಸ್ಪ್ಯಾನಿಷಿನಲ್ಲಿ ‘ಸಬೀಯಾ’ ಎಂದರೆ ಗೊತ್ತಿತ್ತು. ಅದೇ ಧಾತುವಿನ ಪ್ರೆತೆರಿತೊ ‘ಸೂಪೊ’ ಎಂದರೆ ಗೊತ್ತಾಯಿತು. ಇದು ಬರಿಯ ವ್ಯಾಕರಣದ ಸಂಗತಿಯಲ್ಲ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1981ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್’ ಎಂದು ಹೆಸರಾದ ಕಿರುಕಾದಂಬರಿಯನ್ನು ನೆನೆಯಿರಿ. ಅಲ್ಲಿ ಅವಳಿ ಸೋದರರಿಬ್ಬರು ತಾವು ಒಬ್ಬನನ್ನು ಕೊಲ್ಲಲಿದ್ದೇವೆಂದು ಕಂಡಕಂಡವರಿಗೆ ಹೇಳುತ್ತಾರೆ. ಆದರೂ ಕೊಲೆ ನಡೆಯುತ್ತದೆ. ವರ್ಷಗಳ ಮೇಲೆ ನಿರೂಪಕ ಬಂದು ಊರವರನ್ನು ವಿಚಾರಿಸುತ್ತಾನೆ. ಅವನ ವಿಚಾರಣೆಯೆಲ್ಲ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಯಾರಿಗೆ ಮೊದಲೇ ಗೊತ್ತಿತ್ತು, ಯಾರಿಗೆ ಆಮೇಲೆ ಗೊತ್ತಾಯಿತು? ಮೊದಲನೆಯವರು ಪಾಲುದಾರರು, ಎರಡನೆಯವರು ಸಾಕ್ಷಿಗಳು. ಕನ್ನಡದ ಅನುವಾದಕರು ಇಂಗ್ಲಿಷಿನ ‘ನ್ಯೂ’ ಎಂಬ ಪದವನ್ನು ಕಂಡಾಗಲೆಲ್ಲ ‘ತಿಳಿದಿದ್ದರು’ ಎಂದು ಬರೆದುಕೊಂಡು ಹೋದರೆ, ಊರವರ ಪಾಪದ ಲೆಕ್ಕವೇ ತಪ್ಪುತ್ತದೆ.

ನಮ್ಮ ನೆಲದ ಬರವಣಿಗೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಕೋಲಾರದ ಚಿನ್ನದ ಗಣಿಗಳ ಬಗ್ಗೆ ಬರೆಯುವವರಿಗೆ ‘ಉತ್ತಿತ್ತು’ ಬಲು ಪ್ರೀತಿ. ಸೈರನ್ ಕೂಗುತ್ತಿತ್ತು, ಕಾರ್ಮಿಕರು ಪಾಳಿಗೆ ಇಳಿಯುತ್ತಿದ್ದರು, ಬೇತಮಂಗಲದ ಕೆರೆಯ ನೀರು ಗಣಿ ಊರಿಗೆ ಹೋಗುತ್ತಿತ್ತು, ಪಾಲಾರ್ ಹರಿಯುತ್ತಿತ್ತು. ಇಂಪರ್ಫೆಕ್ತೊದ ಗುಣವೇ ಇದು: ಅದಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ಹಂಬಲಕ್ಕೆ ಅದು ಹಿತ. ಆದರೆ ‘ಸೈನೈಡ್ ದಿಬ್ಬಗಳು ಬೆಳೆಯುತ್ತಿದ್ದವು’ ಎಂದು ಬರೆದಾಗ, ಆ ಹುಡಿಯನ್ನು ತಂದು ಸುರಿದವರು ವಾಕ್ಯದಿಂದ ಜಾರಿಕೊಳ್ಳುತ್ತಾರೆ. ದಿಬ್ಬ ತಾನಾಗಿ ಬೆಳೆದ ಗುಡ್ಡದಂತೆ ಕಾಣುತ್ತದೆ.

ಘಟನೆಗಳು ಬೇರೆ ಕ್ರಿಯಾರೂಪವನ್ನು ಕೇಳುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಇವನ್ನು ‘ಉತ್ತಿತ್ತು’ವಿನಲ್ಲಿ ಹೇಳಲಾಗದು, ಹೇಳಿದ ತಕ್ಷಣ ದಿನಾಂಕ ಕೇಳುತ್ತವೆ, ಕರ್ತೃವನ್ನು ಕೇಳುತ್ತವೆ. ಇನ್ನು ‘ಗಣಿ ಮುಚ್ಚುತ್ತಾರೆಂದು ಗೊತ್ತಿತ್ತು’ ಎಂಬ ಮಾತಿನ ಮುಂದೆ ಮಾರ್ಕ್ವೆಜ್‌ನ ನಿರೂಪಕನ ಪ್ರಶ್ನೆಯನ್ನೇ ಇಡಬೇಕಾಗುತ್ತದೆ: ಯಾರಿಗೆ ಗೊತ್ತಿತ್ತು, ಯಾರಿಗೆ ಆ ದಿನವೇ ಗೊತ್ತಾಯಿತು?

ಹಾಗೆಂದು ‘ಉತ್ತಿತ್ತು’ವನ್ನು ಬಿಟ್ಟುಬಿಡಬೇಕೆಂದಲ್ಲ. ದುಡಿದವರ ದಿನಚರಿ ಅದರಲ್ಲಿಯೇ ಉಳಿಯುತ್ತದೆ. ಬರಿಯ ದಿನಾಂಕಗಳಲ್ಲಿ ಬರೆದ ಚರಿತ್ರೆಯಲ್ಲಿ ಕಂಪನಿಗಳಿರುತ್ತವೆ, ಕಾರ್ಮಿಕರಿರುವುದಿಲ್ಲ. ಸ್ಪ್ಯಾನಿಷ್ ಕಥನದ ಪಾಠವೆಂದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಎದುರುಬದುರು ನಿಲ್ಲಿಸುವುದು: ಹೀಗೆ ನಡೆಯುತ್ತಿತ್ತು, ಆಗ ಇದು ನಡೆಯಿತು. ಪಾಲಾರ್ ವರ್ಷಗಟ್ಟಲೆ ಒಣಗಿಯೇ ಇರುತ್ತಿತ್ತು. 2021ರ ನವೆಂಬರ್ ಮಳೆಗೆ ತುಂಬಿ ಹರಿಯಿತು. ಈ ವಾಕ್ಯದ ಎರಡು ಕ್ರಿಯಾಪದಗಳನ್ನು ಒಂದೇ ರೂಪಕ್ಕೆ ತಂದು ಓದಿ ನೋಡಿ. ಬರವೂ ಕಾಣುವುದಿಲ್ಲ, ಪ್ರವಾಹವೂ ಕಾಣುವುದಿಲ್ಲ.